ಹಲ್ಲಿನ ಆಸ್ಪತ್ರೆಯ ಬೋರ್ಡಿನಲ್ಲಿ ಅಮ್ಮ

ಭಾವನವರಿಗೆ ನಮಸ್ಕಾರ.

ಬಸ್ ನಿಲ್ದಾಣದ ಎದುರು ಹಲ್ಲಿನ ಆಸ್ಪತ್ರೆಯವರು ಹಾಕಿಸಿರುವ ದೊಡ್ಡ ಬೋರ್ಡನ್ನು ನೀವೂ ನೋಡಿರುತ್ತೀರಿ. ಅದರಲ್ಲಿ ನಗುತ್ತಿರುವುದು ನಮ್ಮ ಅಮ್ಮ. ಫೋಟೋ ತೆಗೆದವನು ನಾನು. ಕೆಳಗೆ ‘ಈ ನಗು ನಮ್ಮ ಕೈಚಳಕ’ ಎಂದು ಬರೆದಿದ್ದಾರೆ. ಕೊನೆಯವರೆಗೂ ಅಮ್ಮನ ಬಾಯಲ್ಲಿದ್ದದ್ದು ಸ್ವಂತ ಹಲ್ಲು.

ಆಸ್ಪತ್ರೆಯ ಉದ್ಘಾಟನೆಗೆ ನನ್ನನ್ನು ಕರೆಯಲು ಬಂದಾಗ ಡಾಕ್ಟರು ನನ್ನ ಸ್ಟುಡಿಯೋದಲ್ಲಿ ಈ ಫೋಟೋ ನೋಡಿ ಕೇಳಿದ್ದರು. ಕೊಡುವುದಿಲ್ಲ ಎಂದಿದ್ದೆ. ಮೊನ್ನೆ ಹೋಗಿ ವಿಚಾರಿಸಿದರೆ, “ನಿಮ್ಮ ಮನೆಯವ್ರೇ ಕೊಟ್ಟಿದ್ದಲ್ವೇನ್ರಿ?” ಅಂದರು. ಯಾರು ಎಂದು ಕೇಳಿದ್ದಕ್ಕೆ ಮುಂದಿನ ರೋಗಿಯನ್ನು ಒಳಗೆ ಕರೆದರು.

ನಾನು ಪ್ರತಿ ಫೋಟೋದ ಮೂಲೆಯಲ್ಲೂ ನನ್ನ ಹೆಸರು ಹಾಕುತ್ತೇನೆ. ಬೋರ್ಡಿನಲ್ಲಿರುವ ಫೋಟೋದಲ್ಲಿ ಅದಿಲ್ಲ. ಇದರದ್ದು ಹೆಸರಿಲ್ಲದ ಪ್ರತಿ ಒಂದೇ ಒಂದು. ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ನಿಮ್ಮ ನಡುಮನೆಯ ಗೋಡೆಗೆ ನಾನೇ ಮೊಳೆ ಹೊಡೆದು ತೂಗುಹಾಕಿದ್ದೆ. ಅಕ್ಕನನ್ನು ಕೇಳಿದೆ. “ಅದೆಲ್ಲ ನಂಗೊತ್ತಿಲ್ಲ ಕಣೋ. ನಿಮ್ಮ ಭಾವಂಗೆ ಆ ಡಾಕ್ಟ್ರು ಹಾಕಿರೋ ಹಲ್ಲು ಮಾತ್ರ ಚೆನ್ನಾಗಿ ಕೂತಿದೆ” ಅಂದಳು.

ಇದನ್ನು ನಾನು ಯಾರ ತಲೆಗೂ ಕಟ್ಟುತ್ತಿಲ್ಲ. ಈ ವಾರದೊಳಗೆ ಬೋರ್ಡು ಇಳಿಸಲು ಡಾಕ್ಟರಿಗೆ ನೀವೊಂದು ಮಾತು ಹೇಳಿದರೆ ಸಾಕು. ನೀವು ಹೇಳಿದರೆ ಕೇಳುತ್ತಾರೆ ಅನ್ನಿಸುತ್ತದೆ.

ಗಾಜಿನ ಮೇಲಿಂದ ಮೊಬೈಲಿನಲ್ಲಿ ಫೋಟೋ ತೆಗೆದರೆ, ತೆಗೆಯುವವರೂ ಗಾಜಿನಲ್ಲಿ ಮೂಡುತ್ತಾರೆ. ಚಿಕ್ಕದಾಗಿ ನೋಡಿದರೆ ತಿಳಿಯುವುದಿಲ್ಲ. ಬೋರ್ಡಿನಷ್ಟು ದೊಡ್ಡದಾದಾಗ ಅಮ್ಮನ ಭುಜದ ಹತ್ತಿರ ಕಾಣುತ್ತದೆ: ಮೊಬೈಲು ಹಿಡಿದ ಒಂದು ಕೈ, ಇನ್ನೊಂದು ಕೈಗೆ ಬಿಳಿ ಪ್ಲಾಸ್ಟರು.

ನಿಮ್ಮ ಕೈಯ ಪ್ಲಾಸ್ಟರು ಬಿಚ್ಚಿದರೇ? ನೋವು ಕಡಿಮೆಯಾಗಿರಬೇಕು.

ಇತಿ,
ನಿಮ್ಮ ಭಾವಮೈದುನ