ಇನ್ನೊಮ್ಮೆ ಹೇಳಿ

ಮನೆಯಿಂದ
ಹದಿನಾಲ್ಕನೇ ತಾರೀಖು, ಬುಧವಾರ ಬೆಳಿಗ್ಗೆ

ನನ್ನ ಮುದ್ದು ಗುಬ್ಬಿ,

ಹೇಗಿದ್ದೀಯಮ್ಮಾ? "ಚೆನ್ನಾಗಿದ್ದೀನಪ್ಪಾ" ಎಂದು ಒಂದೇ ಸಾಲು ಗೀಚಿ ಕಳಿಸಬೇಡ. ಊಟ, ನಿದ್ದೆ, ಕಿವಿ, ಮೂಗು ಎಲ್ಲದರ ವರದಿ ಬೇಕು. ನಾವಿಬ್ಬರೂ ಕ್ಷೇಮ. ನಿಮ್ಮ ರಾಕೆಟ್ಟು ಹಾರುವ ದಿನ ಮೂರನೇ ಸಲ ಮುಂದಕ್ಕೆ ಹೋದಮೇಲೆ ನಿನ್ನ ಅಮ್ಮನ ಮುಖಕ್ಕೆ ಕಳೆ ಬಂದಿದೆ. ಬಾಯಲ್ಲಿ ಮಾತ್ರ "ಅಯ್ಯೋ ಪಾಪ, ಮಗು ಎಷ್ಟು ಸಲ ಹತ್ತಿ ಇಳೀಬೇಕೋ" ಎನ್ನುತ್ತಾಳೆ.

ನಾನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ರಿಸೀವರ್ ಮುಂದೆ ಠಿಕಾಣಿ ಹೂಡಿದ್ದೇನೆ. ಬಂದರಿನ ವೈರ್‌ಲೆಸ್ ಕಚೇರಿಯಲ್ಲಿ ಮೂವತ್ತೊಂದು ವರ್ಷ ಹಡಗಿನವರ ಮಾತು ಕೇಳಿದವನು, ರಾಕೆಟ್ಟಿನಲ್ಲಿ ಕುಳಿತ ನಿಮ್ಮ ನಾಲ್ವರ ಮಾತು ಕೇಳದೆ ಇರುತ್ತೇನೆಯೇ? ನಿನ್ನೆ ಹಾರಲು ಉಳಿದ ಹೊತ್ತಿನ ಲೆಕ್ಕ ಒಂಬತ್ತು ನಿಮಿಷಕ್ಕೆ ಬಂದು ನಿಂತುಬಿಟ್ಟಿತು. "ಒಂಬತ್ತು ನಿಮಿಷ ಅಂದೋರು ಎರಡು ಗಂಟೆ ಕೂರಿಸಿದ್ರಲ್ಲ, ಇವರ ಗಡಿಯಾರಕ್ಕೇನು ದೊಡ್ಡ ರೋಗ" ಎಂದು ಅಮ್ಮ ರೇಗಿದಳು. ಯಾವುದೋ ಕೊಳವೆ ಸೋರುತ್ತಿತ್ತು ಎಂದು ತಿಳಿದಮೇಲೆ, ಅದನ್ನು ಕಂಡುಹಿಡಿದವರ ಹೊಟ್ಟೆ ತಣ್ಣಗಿರಲಿ ಎಂದು ಹರಸಿದಳು.

ಯಾರು ಯಾವಾಗ ಏನೆಂದರು ಎಂದು ಪುಸ್ತಕದಲ್ಲಿ ಬರೆದಿಡುವುದು ನನ್ನ ಹಳೇ ಚಾಳಿ. ಮೊದಲ ಸಲ ಹತ್ತಿ ಕುಳಿತಾಗ ನೀನು "ಇನ್ನೊಮ್ಮೆ ಹೇಳಿ" ಎಂದದ್ದು ಒಂದು ಬಾರಿ. ಎರಡನೇ ಸಲ ನಾಲ್ಕು. ನಿನ್ನೆ ಹನ್ನೊಂದು. ಸಂಪರ್ಕವೇ ಸರಿಯಿಲ್ಲವೇನೋ ಎಂದುಕೊಂಡೆ. ಆದರೆ ಉಡಾವಣಾ ಕೇಂದ್ರದವರ ಮಾತು ನನ್ನ ಮುದಿ ರಿಸೀವರಿಗೇ ಸ್ಪಷ್ಟವಾಗಿ ಬರುತ್ತಿತ್ತು, ಉಳಿದ ಮೂವರೂ ಒಂದೇ ಸಲಕ್ಕೆ ಉತ್ತರಿಸಿದರು. ಅಲ್ಲಿಯವರು ನಿನ್ನ ಹೆಡ್‌ಫೋನ್ ಬದಲಿಸಿದರು. ನೀನು "ಈಗ ಪರವಾಗಿಲ್ಲ" ಎಂದೆ. ನೀನು ಚಿಕ್ಕವಳಿದ್ದಾಗ, ಈಜಿನ ಸ್ಪರ್ಧೆಯ ಹಿಂದಿನ ದಿನ, ಕಿವಿ ಬಾತುಕೊಂಡಿದ್ದರೂ ಇದೇ ದನಿಯಲ್ಲಿ ಇದೇ ಮಾತು ಹೇಳಿದ್ದೆ. ನಾನು ಪೆದ್ದನ ಹಾಗೆ ನಂಬಿದೆ. ಹತ್ತು ದಿನ ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಕುಳಿತು ನನ್ನನ್ನೇ ಬೈದುಕೊಂಡೆ.

ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮಾತನ್ನು ಅಲ್ಲಿ ಇನ್ನಾರೋ ಕೇಳಿಸಿಕೊಳ್ಳುತ್ತಾರಂತೆ. ಅದಕ್ಕೇ ಈ ಕಾಗದ. ಜೊತೆಯ ಮೂವರಿಗೂ ನಮ್ಮ ನೆನಪು ಹೇಳು. ಹೊಟ್ಟೆ ತುಂಬ ಉಣ್ಣು, ತಲೆಗೆ ಬೆಚ್ಚಗೆ ಏನಾದರೂ ಸುತ್ತಿಕೋ. ನೂರು ಕಾಲ ಬಾಳು ನನ್ನ ಕಂದಾ.

ನಿನ್ನ
ಅಪ್ಪ

ಮತ್ತೆ: ಅಮ್ಮನಿಗೆ ಇದೇನೂ ಗೊತ್ತಿಲ್ಲ. ಈ ಹಾರಾಟಕ್ಕಾಗಿ ಹನ್ನೆರಡು ವರ್ಷ ನೀನು ಪಟ್ಟ ಪಾಡು ನನಗೆ ಗೊತ್ತು. ಬಾಯಿಬಿಟ್ಟರೆ ನಿನ್ನ ಜಾಗದಲ್ಲಿ ಇನ್ನೊಬ್ಬರು ಹೋಗುತ್ತಾರೆ ಎಂಬುದೂ ಗೊತ್ತು. ಆದರೂ ಶನಿವಾರದೊಳಗೆ ನೀನು ಅಲ್ಲಿಯ ಡಾಕ್ಟರಿಗೆ ಕಿವಿಯ ವಿಷಯ ಹೇಳದಿದ್ದರೆ ನಾನೇ ಹೇಳುತ್ತೇನೆ. ಆಮೇಲೆ ಬೇಕಾದರೆ ಜೀವನಪೂರ್ತಿ ನನ್ನ ಜೊತೆ ಮಾತು ಬಿಡು. ಮಾತು ಬಿಡುವುದಕ್ಕಾದರೂ ನೀನು ಇರಬೇಕಲ್ಲ, ಮಗಳೇ.