ಚಿಕ್ಕಮ್ಮಂದಿರ ಕಡಲತೀರ

ಮಿನೋರಿ, ಮೇ ೧೨, ೧೯೫೫

ಪ್ರೀತಿಯ ಅಪ್ಪಾ,

ನಿಮ್ಮ ಕೈಗೆ ಮುತ್ತಿಟ್ಟು ನುಂಜಿಯಾ ಬರೆಯುವುದು. ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ, ಕ್ಷಮಿಸಿ. ಐದನೇ ತರಗತಿಗೇ ಶಾಲೆ ಬಿಟ್ಟವಳು ನಾನು, ಮೇಲಾಗಿ ಈ ಮೇಜಿನ ಒಂದು ಕಾಲು ಗಿಡ್ಡ. ನಿಮ್ಮ ಕೆಮ್ಮು ಹೇಗಿದೆ? ಅಮ್ಮ ಕಳಿಸಿದ ಉಣ್ಣೆಯ ಬನಿಯನ್ ಹಾಕಿಕೊಂಡು ಗಣಿಗೆ ಇಳಿಯುತ್ತೀರೋ, ಹಬ್ಬಕ್ಕೆಂದು ಪೆಟ್ಟಿಗೆಯಲ್ಲಿಟ್ಟಿದ್ದೀರೋ? ಬೆಲ್ಜಿಯಂನಲ್ಲಿ ಈಗಲಾದರೂ ಬಿಸಿಲು ಬಂತೇ? ನಿಮಗೆ ರಜೆ ಸಿಗದೆ ಮದುವೆಯ ದಿನ ಚರ್ಚಿನಲ್ಲಿ ನನ್ನನ್ನು ಕೈಹಿಡಿದು ನಡೆಸಿದ್ದು ಸೋದರಮಾವ. ಹೇಸರಗತ್ತೆಯನ್ನು ಸಂತೆಗೆ ಎಳೆದೊಯ್ಯುವ ಹಾಗೆ ಎಳೆದುಕೊಂಡು ಹೋದರು.

ಇನ್ನು ನಮ್ಮ ಪ್ರವಾಸದ ಸುದ್ದಿ. ಕಡಲನ್ನೇ ಕಾಣದ ಬೆಟ್ಟದ ಹುಡುಗಿ ನಾನು. ಮದುವೆಗೆ ಮೊದಲು ನಿಮ್ಮ ಅಳಿಯ ಡೊನಾಟೊ, "ಪೊಸಿಟಾನೊದಿಂದ ಹಿಡಿದು ಇಡೀ ಕಡಲತೀರ ತೋರಿಸ್ತೀನಿ ಕಣೆ, ರಾಣಿ ಹಾಗೆ ಕರಕೊಂಡು ಹೋಗ್ತೀನಿ" ಎಂದಿದ್ದರು. ಊರಿಗೊಬ್ಬ ಚಿಕ್ಕಮ್ಮ ಇದ್ದಾಳೆಂದು ಮಾತ್ರ ಹೇಳಿರಲಿಲ್ಲ. ಮದುವೆಗೆ ಬಾರದವರಿಗೆಲ್ಲ ಸಕ್ಕರೆ ಬಾದಾಮಿ ಮುಟ್ಟಿಸಬೇಕಂತೆ. ಸರಿ, ಅದು ಪದ್ಧತಿ. ಆದರೆ ಈ ಊರುಗಳಲ್ಲಿ ಮನೆಗಳೆಲ್ಲ ಬಂಡೆಗೆ ಅಂಟಿಕೊಂಡಿವೆ, ಕೆಳಗೆ ಮನೆ ಮಾಡಿದ ಒಬ್ಬ ಚಿಕ್ಕಮ್ಮನೂ ಇವರಿಗಿಲ್ಲ! ಹೊಸ ಚಪ್ಪಲಿಯಲ್ಲಿ ಮೆಟ್ಟಿಲು ಹತ್ತಿ ಹತ್ತಿ ನನ್ನ ಹಿಮ್ಮಡಿ ಸುಲಿದಿದೆ. ಮೇಲೆ ಹೋದ ಕೂಡಲೇ ಊಟ. "ತಿನ್ನು ಮಗಳೇ, ಗಾಳಿ ಬೀಸಿದ್ರೆ ಹಾರಿ ಹೋಗೋ ಹಾಗಿದೀಯ." ತಿಂದರೆ, "ಇವಳು ತಿನ್ನೋದು ನೋಡಿದ್ರೆ ಡೊನಾಟೊ ಎರಡು ಕಡೆ ದುಡೀಬೇಕು." ಕಡಲನ್ನು ನಾನು ನೋಡಿದ್ದೆಲ್ಲ ಕಿಟಕಿಯಲ್ಲೇ, ಮುಂದೆ ಒಂದು ತಟ್ಟೆ ಹುರಿದ ಮೀನು ಇಟ್ಟುಕೊಂಡು. ನೀರಿಗೆ ಕಾಲಿಡೋಣ ಎಂದರೆ ಇವರದು, "ನಾಳೆ ಇಳಿಯೋಣ, ಪಾಪ ಚಿಕ್ಕಮ್ಮ ಕಾಯ್ತಿರ್ತಾಳೆ."

ಫೋಟೊದ್ದು ಇನ್ನೊಂದು ಕಥೆ. ಕ್ಯಾಮೆರಾ ಯಾರದೋ ಎರವಲು. ಚಿಕ್ಕಮ್ಮನ ಪಕ್ಕ ಇವರು, ಚಿಕ್ಕಮ್ಮನ ಬಾಗಿಲಲ್ಲಿ ಇವರು, ಚಿಕ್ಕಮ್ಮನ ಮೇಕೆಯ ಜೊತೆಗೂ ಇವರು. ಗುಂಡಿ ಒತ್ತುವವಳು ನಾನು. ನಾವಿಬ್ಬರೂ ಇರುವ ಫೋಟೊ ಒಂದೂ ಇಲ್ಲ. ಜೊತೆಗೆ, ಹೊರಡುವಾಗ ಪ್ರತಿಯೊಬ್ಬಳೂ ಇವರ ಮುಖ ಹಿಡಿದುಕೊಂಡು ಗೋಳೋ ಎಂದು ಅಳುವುದು. ಸಿಹಿ ಕೊಟ್ಟರೆ ಇಷ್ಟೊಂದು ಅಳುವ ಜನ ಇದ್ದಾರೆಯೇ, ಕಡಲ ಕಡೆಯವರು ಹೀಗೇ ಇರಬೇಕು ಎಂದುಕೊಂಡೆ.

ನಿನ್ನೆ ಇಲ್ಲಿ ಟ್ರೊಫಿಮೆನಾ ಚಿಕ್ಕಮ್ಮನ ಮನೆಯಲ್ಲಿ ಎಲ್ಲ ತಿಳಿಯಿತು. ಅವರು ಅಳುವ ಪೈಕಿಯಲ್ಲ, ಬಾಯಿ ಜೋರು. ಬೀನ್ಸ್ ಸುಲಿಯುತ್ತಾ, "ಆ ಕಲ್ಲಿದ್ದಲ ಗುಂಡಿಗೆ ಇವನನ್ನ ಕಳಿಸೋಕೆ ನಿಂಗೆ ಮನಸ್ಸಾದ್ರೂ ಹೇಗೆ ಬಂತೇ? ನಿಮ್ಮಪ್ಪನೇ ಕೆಲಸ ಕೊಡಿಸಿದ್ದಾನಂತೆ, ಭಾರೀ ಉಪಕಾರ!" ಎಂದರು. ನನ್ನ ಕೈಯಲ್ಲಿದ್ದ ಬೀನ್ಸ್ ಕೆಳಗೆ ಬಿತ್ತು. ಇವರು ಮೇಕೆಯ ಹಾಗೆ ನೆಲ ನೋಡುತ್ತಾ ನಿಂತರು. ಅಪ್ಪಾ, ಹಾಗಾದರೆ ಇದು ಪ್ರವಾಸವೇ ಅಲ್ಲ, ಇವರು ಎಲ್ಲರ ಹತ್ತಿರ ಹೋಗಿ ಬರುತ್ತೇನೆ ಎಂದು ಹೇಳಿ ಬರಲು ಹೊರಟಿದ್ದು. ಊರೂರಿನ ಚಿಕ್ಕಮ್ಮಂದಿರಿಗೆ ಗೊತ್ತು, ಬೆಲ್ಜಿಯಂನಲ್ಲಿರುವ ನಿಮಗೆ ಗೊತ್ತು, ಪಕ್ಕದಲ್ಲಿ ಮಲಗುವ ನನಗೊಬ್ಬಳಿಗೆ ಗೊತ್ತಿಲ್ಲ.

"ಮನೆ ಕಟ್ಟಬೇಡ್ವೇನೆ? ಎರಡು ವರ್ಷ ಅಷ್ಟೇ. ನಿಮ್ಮಪ್ಪನೂ ಹೋಗ್ಲಿಲ್ವಾ?" ಎಂದರು ಇವರು. ನಿಮ್ಮ ಉದಾಹರಣೆಯನ್ನೇ ನನ್ನ ಮುಂದೆ ಹಿಡಿದಾಗ ನನಗೆ ಮೈಯುರಿಯಿತು. ನೀವು ಹೋದದ್ದೂ ಎರಡು ವರ್ಷ ಎಂದೇ ಅಲ್ಲವೇ? ಕಳೆದ ಕ್ರಿಸ್‌ಮಸ್ಸಿಗೆ ಬಂದಾಗ ನನ್ನ ಪುಟ್ಟ ತಮ್ಮ ರೊಕ್ಕೊ ನಿಮ್ಮನ್ನು "ಮಾಮ" ಎಂದು ಕರೆದ. ನೀವು ಎಲ್ಲರ ಜೊತೆ ನಕ್ಕಿರಿ. ಆಮೇಲೆ ಸೌದೆ ತರುತ್ತೇನೆಂದು ಹೋದವರು ಬಹಳ ಹೊತ್ತು ಬರಲಿಲ್ಲ, ಬಂದಾಗ ಕೈಯಲ್ಲಿ ಸೌದೆಯೂ ಇರಲಿಲ್ಲ. ಅಮ್ಮ ನೋಡಲಿಲ್ಲ, ನಾನು ನೋಡಿದೆ.

ನಿಮ್ಮ ಮುಂದೆ ಇಷ್ಟು ಮಾತು ನಾನು ಯಾವತ್ತೂ ಆಡಿದವಳಲ್ಲ, ಎದುರಿಗಿದ್ದರೆ ಈಗಲೂ ಆಡುತ್ತಿರಲಿಲ್ಲ. ಕಾಗದ ಓದಿ ಹೇಳುವ ನಿಮ್ಮ ಗೆಳೆಯರಿಗೂ ನನ್ನ ನಮಸ್ಕಾರ, ಅವರು ಮೆಲ್ಲಗೆ ಓದಲಿ. ಗಣಿಯವರನ್ನು ಕಾಯುವ ತಾಯಿ ಸಾಂತಾ ಬಾರ್ಬರಾ ನಿಮ್ಮನ್ನು ಆ ಕತ್ತಲಲ್ಲಿ ಕಾಯಲಿ.

ನಿಮ್ಮ ಮಗಳು
ನುಂಜಿಯಾ

ಮರೆತಿದ್ದೆ: ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಳಿಯ ಬರುವುದಿಲ್ಲ ಎಂದು ಗಣಿಯವರಿಗೆ ಹೇಳಿಬಿಡಿ. ಇವರಿನ್ನೂ ಒಪ್ಪಿಲ್ಲ, ಆದರೂ ಹೇಳಿ. ಇಲ್ಲಿ ನಿಂಬೆ ತೋಟಗಳಿಗೆಲ್ಲ ಚಪ್ಪರ ಕಟ್ಟುವುದು ನಮ್ಮ ಬೆಟ್ಟದ ಚೆಸ್ಟ್‌ನಟ್ ಮರದ ಗಳದಿಂದಲೇ. ಗಳ ಸೀಳುವವರು ಸಿಗದೆ ತೋಟದವರು ಒದ್ದಾಡುತ್ತಿದ್ದಾರೆಂದು ಚಿಕ್ಕಮ್ಮ ಹೇಳಿದರು, ಇವರಿಗೆ ಆ ಕೆಲಸ ಚಿಕ್ಕಂದಿನಿಂದ ಗೊತ್ತು. ಹೆಂಗಸರಿಗೆ ನಿಂಬೆ ಹೊರುವ ಕೆಲಸವಿದೆ. ಇವತ್ತು ಬೆಳಿಗ್ಗೆ ಇವರು ಏಳುವ ಮೊದಲೇ ಚಪ್ಪಲಿ ಬಿಟ್ಟು ಚಿಕ್ಕಮ್ಮನ ಜೊತೆ ಹೋಗಿ ಒಂದು ಬುಟ್ಟಿ ಹೊತ್ತೆ. ಕುತ್ತಿಗೆ ಇನ್ನೂ ನೆಟ್ಟಗಾಗಿಲ್ಲ. ಅರ್ಧ ದಾರಿಯಲ್ಲಿ ಇವರು ಎದುರಾದರು. ಬುಟ್ಟಿ ಇಳಿಸಿ ತಮ್ಮ ಹೆಗಲಿಗೆ ಹಾಕಿಕೊಂಡರು. ಹೆಂಗಸರು, "ಏನ್ ಮದುಮಗನೇ, ಲಂಗ ಒಂದು ತಂದುಕೊಡೋಣ್ವಾ?" ಎಂದು ನಕ್ಕರು. ಇವರು ಕಿವಿಯವರೆಗೂ ಕೆಂಪಾದರು. ಕೆಳಗೆ ದಡದಲ್ಲಿ ಬುಟ್ಟಿ ಇಳಿಸಿ ಬೆವರು ಒರೆಸಿಕೊಂಡು, "ಮೇಲೆ ಇನ್ನೂ ಎಷ್ಟು ಬುಟ್ಟಿ ಇದೆ?" ಎಂದು ಚಿಕ್ಕಮ್ಮನನ್ನು ಕೇಳಿದರು.