ಎರಡನೇ ಸೂಜಿ

ತುಕ್ಕಾನಟ್ಟಿ
ಬುಧವಾರ, ೧೨ ನವೆಂಬರ್ ೨೦೨೫

ಪ್ರೀತಿಯ ಮಗ ಶುಭಮನಿಗೆ, ನಿನ್ನ ತಲಿ ಮ್ಯಾಲ ಕೈ ಇಟ್ಟು ನಿಮ್ಮವ್ವ ಬರಿಯೂದು. ಜಯ ಜಿನೇಂದ್ರ.

ನೀ ಹ್ಯಾಂಗದಿ? ಸೊಸಿ ಮಯೂರಿ ಕೆಮ್ಮು ಕಡಿಮಿ ಆತೇನು? ಇಚಲಕರಂಜಿ ಮಗ್ಗದ ಧೂಳ ಆಕಿಗೆ ಆಗಿಬರೂದಿಲ್ಲ. ಅಂಗಡಿ ಮುಚ್ಚಿ ಬಂದಾಗ ನೀನೂ ಅಂಗಿ ಝಾಡಿಸಿ ಒಳಗ ಹೋಗು. ಇಲ್ಲಿ ನನ್ನ ಮೊಣಕಾಲ ನೋವು ಇದ್ದಂಗನ ಐತಿ. ಕಬ್ಬು ಕಾರ್ಖಾನಿಗೆ ಹೋಗಾಕತ್ತೈತಿ. ನಿಮ್ಮಪ್ಪಾರು ಮೈಯಾಗ ಆರಾಮ ಅದಾರ. ಮನಸಿನ ಸುದ್ದಿ ಹೇಳಾಕ ಈ ಪತ್ರ. ಫೋನಿನ್ಯಾಗ ಆದ್ರ ನೀ ನಡುವ ಬಾಯಿ ಹಾಕ್ತಿ, ಅವರೂ ಬಾಜೂಕ ಇರ್ತಾರ.

ನಿನಗ ಗೊತ್ತಿದ್ದದ್ದು ಬರೇ ಕಡಿಕಿನ ಸುದ್ದಿ, ಅದಕ್ಕ ಮೊದಲಿಂದ ಹೇಳ್ತೇನಿ. ಶ್ರಾವಣದಾಗ ನಮ್ಮ ಸಮುದಾಯ ಭವನಕ್ಕ ಅಫ್ರೀನ ಅಂತ ಡಾಕ್ಟರಬಾಯಿ ಬಂದಿದ್ಳು. ಗೋಕಾಕದ ಹುಡುಗಿ, ವಯಸ್ಸಿಲೆ ನಮ್ಮ ಮಯೂರಿಯಷ್ಟ, ಅದಕ್ಕ ಆಕಿ ಅಂತನ ಬರೀತೇನಿ. ಕೋಳಿಗೆ ಬರೂ ಹಕ್ಕಿ ಜ್ವರ ನಾಳೆ ಮನಷ್ಯಾರಿಗೆ ಅಂಟಿ ಒಬ್ಬರಿಂದ ಒಬ್ಬರಿಗೆ ಹಬ್ಬಿತಂದ್ರ ಮತ್ತ ಕರೋನಾದಂಗ ಆಗತೈತಿ, ಅದಕ್ಕ ಲಸಿಕಿ ಮೊದಲ ತಯಾರ ಇರಬೇಕು, ಶಹರದಾಗ ಸ್ವಲ್ಪ ಮಂದಿಗೆ ಹಾಕಿ ನೋಡೇವಿ, ಈಗ ಹಳ್ಳಿಯ ವಯಸ್ಸಾದವರ ಮೈಯಾಗ ಹ್ಯಾಂಗ ಕೆಲಸ ಮಾಡತೈತಿ ನೋಡಬೇಕಾಗೈತಿ ಅಂದ್ಳು. ಮಂದಿ ಸುಮ್ಮನ ಬಿಡಲಿಲ್ಲ. ಇನ್ನೂ ಬರದ ರೋಗಕ್ಕ ಔಷಧ ಯಾಕ, ದೊಡ್ಡ ಊರಿನ ದೊಡ್ಡ ಮಂದಿ ಸಿಗಲಿಲ್ಲೇನು ಅಂತ ಎದುರಮನಿ ಗುರುಪಾದ ಕೇಳಿದ. ನನ್ನ ಕೈಕಾಲ ಬಿದ್ರ ಎಮ್ಮಿ ಯಾರ ಮೇಯಿಸ್ತಾರ ಅಂತ ದುಂಡವ್ವ ಕೇಳಿದ್ಳು. ನಾನೂ ಎದ್ದ ನಿಂತು, ಇದರಾಗ ತತ್ತಿ ಐತೇನು ಅಂದ್ನಿ. ಐತ್ರಿ, ಇದನ್ನ ತತ್ತಿಯೊಳಗನ ಬೆಳಸ್ತಾರ ಅಂತ ಮುಚ್ಚುಮರಿ ಇಲ್ಲದ ಹೇಳಿದ್ಳು. ಹತ್ತು ವರ್ಷದ ಮ್ಯಾಲ ಏನಾಗತೈತಿ ಅಂತ ಯಾರೋ ಕೇಳಿದ್ದಕ್ಕ, "ನನಗ ಗೊತ್ತಿಲ್ರಿ" ಅಂದ್ಳು. ಮಂದಿ ನಕ್ಕರು. ನಿಮ್ಮಪ್ಪಾರು ನಗಲಿಲ್ಲ. ಗೊತ್ತಿಲ್ಲ ಅನ್ನೂ ಡಾಕ್ಟರನ್ನ ಇವತ್ತ ನೋಡಿದ್ನಿ ಅಂತ ದಾರಿ ತುಂಬ ಅದನ್ನ ಹೇಳಕೋತ ಬಂದ್ರು.

ಅವರು ಹೆಸರ ಕೊಡ್ತೇನಿ ಅಂದಾಗ ನಾ ಹಟಾ ಮಾಡಿದ್ನಿ. ಹೊತ್ತ ಮುಳುಗಿದ ಮ್ಯಾಲ ತುತ್ತ ಮುಟ್ಟದಾವರು, ಉಳ್ಳಾಗಡ್ಡಿ ತಿನ್ನದಾವರು, ತತ್ತಿಯಾಗ ಬೆಳೆದಿದ್ದನ್ನ ಮೈಯೊಳಗ ಹ್ಯಾಂಗ ತಗೋತೀರಿ ಅಂದ್ನಿ. ಅವರು ಅಂದದ್ದಿಷ್ಟ: "ಅಣ್ಣಪ್ಪಗ ಲಸಿಕಿ ಬರೂದು ತಡಾ ಆತು. ನಾವು ಆಮ್ಯಾಲ ಹಾಕಿಸಿಕೊಂಡಿದ್ದಕ್ಕ ಮೊದಲ ಯಾರೋ ತೋಳ ಕೊಟ್ಟಿದ್ರು. ಅವರು ನಮಗ ಗುರುತೂ ಇಲ್ಲ." ನಿಮ್ಮ ಅಣ್ಣಪ್ಪ ಕಾಕಾನ್ನ ಕರೋನಾದಾಗ ಬೆಳಗಾವಿ ದವಾಖಾನಿಗೆ ಕಳಿಸಿದ್ದು, ಕಡಿಕ ಮಾರಿ ನೋಡಾಕೂ ಬಿಡದ್ದು ನಿನಗ ನೆನಪೈತಿ. ಆ ಮ್ಯಾಲ ನಾ ಹಟಾ ಬಿಟ್ನಿ.

ನಿಮ್ಮಪ್ಪಾರು ಗೋಕಾಕಕ್ಕ ಹೋಗಿ ಎರಡು ಸೂಜಿಯೊಳಗ ಮೊದಲನೇದು ಮಾಡಿಸಿಕೊಂಡ ಬಂದ್ರು. ಅವರು ಹೋದದ್ದ ನೋಡಿ ಗುರುಪಾದ, ದುಂಡವ್ವ, ಓಣ್ಯಾನ ಇನ್ನೂ ಕೆಲವರು ಹೋದ್ರು. ಒಂದಿನ ಜ್ವರ ಬಂತು, ತೋಳ ಬಾತಿತ್ತು, ಅಷ್ಟ. ಅಫ್ರೀನ ದಿನಾ ಫೋನ್ ಮಾಡಿ ಕೇಳತಿದ್ಳು. ಇವರು ಥರ್ಮಾಮೀಟರ ಹಚ್ಚಿಕೊಂಡು ನೋಡಿ, ಆಫೀಸಿನ ಸಾಹೇಬರಂಗ ಗಂಟಲ ಸರಿ ಮಾಡಿಕೊಂಡು ಹೇಳತಿದ್ರು. ಹೊಲಾ ಪಾಲಿಗೆ ಕೊಟ್ಟ ಮ್ಯಾಲ ಅವರು ಹಂಗ ನೆಟ್ಟಗ ಕುಂತು ಮಾತಾಡಿದ್ದ ನಾ ಕಂಡಿರಲಿಲ್ಲ.

ಆಮ್ಯಾಲ ಹುಕ್ಕೇರಿ ಕಡೆ ಒಬ್ಬಾಂವ ತೀರಿಕೊಂಡ. ಈ ಲಸಿಕಿ ಪರೀಕ್ಷಾದಾಗನ ಸತ್ತ ಅಂತ ಮೊಬೈಲನ್ಯಾಗ ಹಬ್ಬಿತು. ಆತ ಮೊದಲಿಂದ ಎದಿ ಬ್ಯಾನಿ ಮನಷ್ಯಾ, ಸೂಜಿನ ಮಾಡಿಸಿಕೊಂಡಿರಲಿಲ್ಲ ಅನ್ನೂದು ಹಿಂದಾಗಡೆ ಗೊತ್ತಾತು. ಅಷ್ಟರಾಗ ನಿನ್ನ ಫೋನ್ ಬಂದಿತ್ತು. "ನಮ್ಮಪ್ಪಾ ಏನ ಇಲಿ ಅದಾನೇನು, ಇವರು ಪರೀಕ್ಷಾ ಮಾಡಾಕ?" ಅಂತ ನೀ ಒದರಿದ್ದು ಬಾಗಲದಾಗ ನಿಂತ ನನಗೂ ಕೇಳಿಸ್ತು. ಮತ್ತ ಹೋದ್ರ ನಾ ಆ ಮನಿಗೆ ಬರೂದಿಲ್ಲ ಅಂದಿ. ಅವರು "ಆತಪಾ" ಅಂದ ಫೋನ್ ಇಟ್ರು. ಖರೆ ಹೇಳ್ತೇನಿ, ಆವತ್ತ ನನಗ ಜೀವ ಹಗರ ಆಗಿ ಹೋಳಿಗಿ ಮಾಡಿದ್ನಿ. ಅವರು ಅರ್ಧಾ ತಿಂದು ಎದ್ರು.

ಎರಡನೇ ಸೂಜಿಗೆ ಕರಿಯಾಕ ಅಫ್ರೀನ ಮನಿಗೆ ಬಂದ್ಳು. ಇವರು ಕಟ್ಟಿ ಮ್ಯಾಲ ಕುಂತು ನೆಲಾ ನೋಡಕೋತ, ಬರೂದಿಲ್ಲ ತಾಯಿ ಅಂದ್ರು. ಆಕಿ ಒತ್ತಾಯ ಮಾಡಲಿಲ್ಲ. ಬಿಡೂದು ನಿಮ್ಮ ಹಕ್ಕರಿ, ಮೊದಲನ ಹೇಳಿದ್ನೆಲಾ, ಆರಾಮ ತಪ್ಪಿದ್ರ ಮಾತ್ರ ನನಗ ತಿಳಸ್ರಿ ಅಂತ ನೀರ ಕುಡದ ಹೋದ್ಳು. ತಾತ್ಯಾಸಾಹೇಬರ ಬಿಟ್ಟಾರಂದ್ರ ನಮಗ್ಯಾಕ ಅಂತ ನಿಮ್ಮಪ್ಪನ ಹೆಸರ ಹೇಳಿ ಉಳಿದವರೂ ಬಿಟ್ರು. ನಮ್ಮೂರಾಗ ಆ ಕೆಲಸ ಅಲ್ಲಿಗೆ ನಿಂತತು. ಹುಕ್ಕೇರಿ ಸುದ್ದಿ ಸುಳ್ಳಂತ ಗೊತ್ತಾದ ಮ್ಯಾಲ ಇವರು ಒಬ್ಬರನ ಬಸ್ ಹತ್ತಿ ಗೋಕಾಕಕ್ಕ ಹೋಗಿ ಕೇಳಿದ್ರು. ಎರಡನೇ ಸೂಜಿ ಹೊತ್ತ ಮೀರೈತಿ, ಇನ್ನ ನಿಮ್ಮನ್ನ ತಗೊಳ್ಳಾಕ ಬರೂದಿಲ್ಲ ಅಂದ್ರಂತ. ಈಗ ದುಂಡವ್ವ ಎದುರಿಗೆ ಬಂದ್ರ ಬ್ಯಾರೆ ಓಣಿ ಹಿಡೀತಾರ. "ನೀವ ಕರಕೊಂಡ ಹೋದ್ರಿ, ನೀವ ಬಿಡಿಸಿದ್ರಿ" ಅಂತ ಆಕಿ ಒಮ್ಮೆ ಅಂದಿದ್ಳು. ಸಿಟ್ಟಿಲೆ ಅಲ್ಲ, ಹಂಗ ಸುಮ್ಮನ.

ಮಗನ, ನೀ ಅಂಜಿದ್ದು ತಪ್ಪಂತ ನಾ ಅನ್ನೂದಿಲ್ಲ. ಅಪ್ಪನ ಮ್ಯಾಲಿನ ಜೀವಕ್ಕ ಅಂಜಿದಿ. ನೀ ಕೇಳಿದ್ದೂ ಕೇಳಬೇಕಾದ ಮಾತನ. ಆದ್ರ ಅದನ್ನ ಅಫ್ರೀನನ್ನ ಕೇಳಲಿಲ್ಲ, ಅಪ್ಪನ್ನ ಕೇಳಿದಿ. ಅವರ ಹತ್ರ ಉತ್ತರ ಇರಲಿಲ್ಲ, ಮನಸ ಇತ್ತು. ಅದು ಆವತ್ತ ನಿನಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ.

ಮಯೂರಿಗೆ ನನ್ನ ಆಶೀರ್ವಾದ, ಬಿಸಿನೀರ ಕುಡಿ ಅಂತ ಹೇಳು. ದೇವರು ನಿಮ್ಮಿಬ್ಬರ ಹೊಟ್ಟಿ ತಂಪಾಗಿ ಇಡಲಿ.

ನಿಮ್ಮವ್ವ,
ಸುಂದರಾಬಾಯಿ

ತಾ.ಕ.: ಗೋಕಾಕದಾಗ ಅರವತ್ತ ದಾಟಿದ ಹೆಣ್ಣಮಕ್ಕಳು ಇನ್ನೂ ಬೇಕಾಗ್ಯಾರಂತ. ನಾ ಹೆಸರ ಕೊಟ್ಟೇನಿ, ಸೋಮವಾರ ಮೊದಲನೇ ಸೂಜಿ. ಬಸದಿಯಾಗ ದೇವರ ಮುಂದ ಕುಂತು ವಿಚಾರ ಮಾಡೇನಿ, ಪಾಪ ಆದ್ರ ನನ್ನ ತಲಿ ಮ್ಯಾಲ ಇರಲಿ. ಅಫ್ರೀನ ನಂಬರ ಹಾಳಿ ಹಿಂದಿನ ಮಗ್ಗಲ ಬರದೇನಿ, ಏನ ಕೇಳೂದಿದ್ರೂ ಅಷ್ಟರಾಗ ಆಕಿನ್ನ ಕೇಳು. ನೀ ಬ್ಯಾಡ ಅಂದ್ರೂ ನಾ ಹೋಗಾಕಿನ, ಅಪ್ಪಾರೂ ಸಂಗಾಟ ಬರ್ತಾರ. ಸಂಜಿಕ ನೀ ಫೋನ್ ಮಾಡಿದ್ರ ಮೊದಲ ಅವರ ಕೂಡ ಮಾತಾಡು. ಈಗೀಗ ನಿನ್ನ ಫೋನ್ ಬಂತಂದ್ರ ಅವರು ನನ್ನ ಕೈಯಾಗ ಕೊಟ್ಟು ಹಿತ್ತಲಕ್ಕ ಎದ್ದ ಹೋಗ್ತಾರ.